ಶುಕ್ರವಾರದ ಸೈಕಲ್ ಸವಾರಿ

ಟ್ಯೂಬಿಗೆ ಹಚ್ಚುವ ಸಲೂಶನ್ನಿನ ವಾಸನೆ ಮೂಗಿಗೆ ಬಡಿದರೆ ನನಗೆ ಅಫಜಲಪುರ ನೆನಪಾಗುತ್ತದೆ. ಮೊನ್ನೆ ಆಳಂದದ ಬಜಾರಿನಲ್ಲಿ ಮೊಮ್ಮಗಳ ಸೈಕಲ್ಲಿಗೆ ತೇಪೆ ಹಾಕಿಸಲು ನಿಂತಿದ್ದೆ. ಅಂಗಡಿಯವನು ಟ್ಯೂಬನ್ನು ನೀರಿನ ಪುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗವನ್ನು ಒರೆಸಿ, ಸಲೂಶನ್ ಹಚ್ಚಿ ಬಾಯಿಂದ ಊದಿದ. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ‘ಅಜ್ಜಾರ, ಆತ್ರಿ ನಿಮ್ಮ ಸೈಕಲ್’ ಎಂದು ಅವನು ಮತ್ತೆ ಮತ್ತೆ ಹೇಳಿದನಂತೆ. ನನಗೆ ಕೇಳಿಸಲಿಲ್ಲ. ಮುದುಕನ ಕಿವಿ ಮಂದ ಎಂದುಕೊಂಡಿರಬೇಕು, ಎಂದುಕೊಳ್ಳಲಿ.

ಅಫಜಲಪುರದ ಶಾಲೆಗೆ ನಾನು ಮಾಸ್ತರನಾಗಿ ಹೋದದ್ದು ಎರಡನೆಯ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ಆಗ ನಮ್ಮದು ನಿಜಾಮರ ಸೀಮೆ, ಜನರ ಬಾಯಲ್ಲಿ ಮೊಗಲಾಯಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ವಾರದ ರಜೆ ಶುಕ್ರವಾರ. ಆಳಂದದಲ್ಲಿ ಬೆಳೆದವನಿಗೆ ಅಫಜಲಪುರವೇನೂ ಪರದೇಶವಲ್ಲ. ಅದೇ ಕರಿ ಮಣ್ಣು, ಅದೇ ಜೋಳ, ಅದೇ ತೊಗರಿ. ಆದರೆ ನನ್ನವರು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಉಳಿದ ದಿನಗಳು ಹೇಗೋ ಕಳೆಯುತ್ತಿದ್ದವು, ಶುಕ್ರವಾರ ಮಾತ್ರ ಮುಗಿಯುತ್ತಿರಲಿಲ್ಲ. ಬಾಡಿಗೆ ಖೋಲಿಯ ಮುಂದೆ ಅಂಗಿ ಒಗೆದು ಹಾಕಿ, ಅದು ಒಣಗುವುದನ್ನು ನೋಡುತ್ತ ಕೂಡುತ್ತಿದ್ದೆ.

ಯುಗಾದಿ ಮುಗಿದ ಮೇಲೆ ಕಲಬುರ್ಗಿಯಿಂದ ಹಳೆಯದೊಂದು ಸೈಕಲ್ ತಂದೆ. ಊರಿಗೆಲ್ಲ ಸೇರಿ ಬೆರಳೆಣಿಕೆಯಷ್ಟು ಸೈಕಲ್ ಇದ್ದ ಕಾಲ. ಇನ್ನೊಂದು ಬಂದರೆ ಅದು ಗುಟ್ಟಾಗಿ ಉಳಿಯುವ ಸಂಗತಿಯಲ್ಲ. ಬಜಾರಿನಲ್ಲಿ ವಕೀಲ ರಾಮರಾಯರು ನನ್ನ ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

“ಮಾಸ್ತರ್ರ, ಶುಕ್ರವಾರ ಏನ್ ಮಾಡ್ತೀರಿ?”

“ಏನಿಲ್ರಿ, ಅಂಗಿ ಒಗೀತೇನಿ.”

“ಅಂಗಿ ಗುರುವಾರ ಒಗೀರಿ. ಶುಕ್ರವಾರ ಬೆಳಕು ಹರಿಯೂದ್ರಾಗ ಸಿದ್ರಾಮಪ್ಪ ಸಾವಕಾರ್ರ ಅಂಗಡಿ ಮುಂದ ಬರ್ರಿ. ನಮ್ಮದೊಂದು ಸೈಕಲ್ ಮಂಡಳಿ ಅದ. ಕೆಲಸ ಏನೂ ಇಲ್ಲ, ಸುಮ್ನ ತಿರಗೂದು.”

ಹೀಗೆ ಸೇರಿದೆ. ಅರ್ಜಿಯಿಲ್ಲ, ವಂತಿಗೆಯಿಲ್ಲ. ನನ್ನನ್ನೂ ಹಿಡಿದು ಐದು ಜನ. ವಕೀಲರು ಸವಾರಿಗೂ ಕೋರ್ಟಿನ ಕರಿ ಕೋಟು ಹಾಕಿಕೊಂಡೇ ಬರುತ್ತಿದ್ದರು, ಅವರ ಬಳಿ ಇದ್ದದ್ದೇ ಅದೊಂದು ಕೋಟು. ಸಿದ್ರಾಮಪ್ಪ ಸಾವಕಾರರದು ಅರಿವೆ ಅಂಗಡಿ. ಐವತ್ತು ದಾಟಿದ ದಪ್ಪ ದೇಹ, ತಲೆಯ ಮೇಲೆ ಒಂದು ಹರದಾರಿಯಿಂದ ಕಾಣುವ ಬಿಳಿ ರುಮಾಲು. ಅವರ ಅಂಗಡಿಯ ಕಟ್ಟೆಯ ಮೇಲೆಯೇ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದವರು ಖಾಜಾ ಮಿಯಾ. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು, ಒಬ್ಬರು ಬಾರದ ದಿನ ಇನ್ನೊಬ್ಬರು ಮಂಕಾಗಿ ಕೂಡುತ್ತಿದ್ದರು. ಐದನೆಯವರು ಟಪಾಲು ಕಚೇರಿಯ ಗುಮಾಸ್ತರು. ಅವರ ಹೆಸರು ಈಗ ಮರೆತಿದೆ, ಅವರು ಆಗಲೂ ಹೆಚ್ಚು ಮಾತನಾಡಿದವರಲ್ಲ.

ಮಂಡಳಿಗೆ ಒಂದೇ ಒಂದು ಕಾಯ್ದೆ ಇತ್ತು. ಎಲ್ಲರಿಗಿಂತ ಮೆಲ್ಲಗೆ ತುಳಿಯುವವರು ಎಲ್ಲರಿಗಿಂತ ಮುಂದೆ ಇರಬೇಕು, ಅವರನ್ನು ಯಾರೂ ದಾಟಬಾರದು, ಯಾವ ಹಾದಿ ಎಂದು ಅವರೇ ಹೇಳಬೇಕು. ಮೊದಲ ಸವಾರಿಯಲ್ಲಿ ಜೋರಿದ್ದವರು ಜೋರಾಗಿ ಹೋಗಿಬಿಟ್ಟು, ಪಂಕ್ಚರಾದ ಖಾಜಾ ಮಿಯಾ ಒಬ್ಬರೇ ಯಾರದೋ ಹೊಲದ ಬಾವಿಯ ಹತ್ತಿರ ಉಳಿದು, ಮಧ್ಯಾಹ್ನ ಸೈಕಲ್ ಹೊತ್ತುಕೊಂಡು ಊರು ಸೇರಿದ್ದರಂತೆ. ಬೈಗುಳ ಸಾಕಷ್ಟು ಆದ ಮೇಲೆ ವಕೀಲರು ಈ ಕಾಯ್ದೆ ಮಾಡಿದರು. ಹಾಗಾಗಿ ನಾನು ಸೇರುವ ಹೊತ್ತಿಗೆ ನಮ್ಮ ಮುಂದಾಳು ಸಿದ್ರಾಮಪ್ಪ ಸಾವಕಾರರು. ಅವರ ಸೈಕಲ್ ಎಲ್ಲಕ್ಕಿಂತ ಹೊಸದು, ಸೊಲ್ಲಾಪುರದಿಂದ ತರಿಸಿದ್ದು. ಸವಾರರು ಮಾತ್ರ ಎಲ್ಲರಿಗಿಂತ ನಿಧಾನ. ಹತ್ತುವಾಗ ಕಟ್ಟೆ ಬೇಕು, ಇಳಿಯುವಾಗ ಯಾರಾದರೂ ಹಿಡಿಯಬೇಕು.

ಒಂದು ವಾರ ಪೊಲೀಸ್ ಅಮೀನರು ವಕೀಲರನ್ನು ಕರೆಸಿದರು. ಪರವಾನಗಿ ಇಲ್ಲದೆ ಜನ ಕೂಡುವುದು, ಸಭೆ ಮಾಡುವುದು ಆಗ ಸುಲಭವಿರಲಿಲ್ಲ. ಐದು ಜನ ಪ್ರತಿ ಶುಕ್ರವಾರ ಕೂಡಿ ಎಲ್ಲಿಗೆ ಹೋಗುತ್ತೀರಿ ಎಂದು ಅವರ ಪ್ರಶ್ನೆ. “ಸಾಬ್, ನಮ್ಮ ಹಾದಿ ನೀವು ನೋಡೀರಿ. ಅದರ ಮ್ಯಾಲೆ ಸೈಕಲ್ ಹೊಡಕೋತ ಭಾಷಣಾ ಮಾಡಿದ್ರ ನಾಲಗಿ ಕಚ್ಚಿಕೋತೇವಿ” ಎಂದರಂತೆ ವಕೀಲರು. ಅಮೀನರು ನಕ್ಕು, ಝಂಡಾ ಬೇಡ, ಘೋಷಣೆ ಬೇಡ ಎಂದಷ್ಟೇ ಹೇಳಿ ಕಳಿಸಿದರು. ನಮ್ಮಲ್ಲಿ ಎರಡೂ ಇರಲಿಲ್ಲ. ಇದ್ದದ್ದು ಸಾವಕಾರರ ಮನೆಯಿಂದ ಬರುತ್ತಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ.

ಬೇಸಿಗೆಯಲ್ಲಿ ಎಲ್ಲೆಲ್ಲೋ ತಿರುಗಿದೆವು ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ನಿಜ ನೋಡಿದರೆ ಸಾವಕಾರರು ಊರ ಹೊರಗೆ ಯಾವ ಕಡೆ ಹೊರಟರೂ ಕೊನೆಗೆ ಮುಟ್ಟುತ್ತಿದ್ದದ್ದು ಘತ್ತರಗಿಯ ಹೊಳೆದಂಡೆಗೆ. ಅಲ್ಲಿನ ಗುಡಿಯ ಭಾಗ್ಯವಂತಿಗೆ ಕೈ ಮುಗಿಯುವವರು ಮುಗಿಯುತ್ತಿದ್ದರು, ಉಳಿದವರು ಕಾಲು ತೊಳೆಯುತ್ತಿದ್ದರು. ಸಾವಕಾರರು ಗುಡಿಗೂ ಹೋಗರು, ನೀರಿಗೂ ಇಳಿಯರು. ದಂಡೆಯ ತುದಿಗೆ ಬಂದು, ಸೀಟಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೆ ಊರಿ, ಆಚೆ ನೋಡುತ್ತ ನಿಲ್ಲುವರು. ಭೀಮಾ ಹೊಳೆಯ ಆಚೆ ಬದಿ ಇಂಗ್ರೇಜಿ ಸೀಮೆ. ಎದುರಿಗೇ ಒಂದು ಹಳ್ಳಿ, ನೀರಿಗೆ ಇಳಿಯುವ ಮೆಟ್ಟಿಲು, ಅರಿವೆ ಒಗೆಯುವ ಹೆಂಗಸರು. ಸ್ವಲ್ಪ ಹೊತ್ತಾದ ಮೇಲೆ ಸಾವಕಾರರು “ಹೂಂ, ನಡೀರಿ” ಎಂದು ಹ್ಯಾಂಡಲ್ ಹೊಳ್ಳಿಸುವರು. ಕಾಯ್ದೆಯಂತೆ ನಾವೂ ಹೊಳ್ಳುತ್ತಿದ್ದೆವು.

ಮೃಗಶಿರ ಮಳೆ ಬಿತ್ತು. ಕರಿ ಮಣ್ಣಿನ ನಾಡಿನಲ್ಲಿ ಮಳೆಯಾದ ಮೇಲೆ ಸೈಕಲ್ ಹೊರತೆಗೆಯುವವರನ್ನು ಜನ ಹುಚ್ಚರು ಅನ್ನುತ್ತಾರೆ, ತಪ್ಪೇನಿಲ್ಲ. ನಾಲ್ಕು ಮಾರು ಹೋಗುವುದರಲ್ಲಿ ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಿಡಿದು, ಗಾಲಿ ತಿರುಗುವುದೇ ನಿಲ್ಲುತ್ತದೆ. ಜೋಳದ ದಂಟಿನಿಂದ ಕೆರೆದು ತೆಗೆಯಬೇಕು, ಮತ್ತೆ ನಾಲ್ಕು ಮಾರು ಹೋಗಬೇಕು. ಆ ಶುಕ್ರವಾರ ನಾವು ಸೈಕಲ್ ಹತ್ತಿದ್ದಕ್ಕಿಂತ ಸೈಕಲ್ ನಮ್ಮನ್ನು ಹತ್ತಿದ್ದೇ ಹೆಚ್ಚು. ವಕೀಲರು ಊರಿಗೆ ಹೊಳ್ಳೋಣ ಎಂದರು. ಸಾವಕಾರರು ಕೇಳದವರಂತೆ, ಏದುಸಿರು ಬಿಡುತ್ತ, ಮೊಣಕಾಲುದ್ದ ಕೆಸರಿನಲ್ಲಿ ಸೈಕಲ್ ನೂಕಿಕೊಂಡು ಹೊಳೆಯ ಕಡೆಗೇ ನಡೆದರು. ನನಗೆ ಸಿಟ್ಟು ಬಂತು. ಹಿಂದೆ ಉಳಿದು ಖಾಜಾ ಮಿಯಾರನ್ನು ಕೇಳಿದೆ.

“ಇವರಿಗಿ ಏನಾಗ್ಯದರಿ? ದಂಡಿಗಿ ಹೋಗೂದು, ಹೊಳ್ಳೂದು. ಇದೇನ ಹರಕಿ?”

ಖಾಜಾ ಮಿಯಾ ದಂಟಿನಿಂದ ಮಣ್ಣು ಕೆರೆಯುತ್ತ ಹೇಳಿದರು. “ಮಾಸ್ತರ್, ಆಚಿ ದಂಡಿ ಊರಾಗ ಅವರ ಮಗಳು ಅದಾಳ. ಮಾದೇವಿ. ಎರಡು ವರ್ಷ ಆತು, ತವರಿಗಿ ಬಂದಿಲ್ಲ.”

ಕೆಸರಿನಲ್ಲಿ ನಿಂತೇ ಅವರು ಎಲ್ಲವನ್ನೂ ಹೇಳಿದರು. ಮದುವೆಯಲ್ಲಿ ಅಳಿಯನಿಗೆ ಸೈಕಲ್ ಕೊಡುವುದೆಂದು ಮಾತಾಗಿತ್ತು. ಸೊಲ್ಲಾಪುರದಿಂದ ಹೊರಟ ಸೈಕಲ್ ಸುಂಕದ ನಾಕಾದಲ್ಲಿ ಸಿಕ್ಕಿಕೊಂಡು ಅಕ್ಕಿಕಾಳು ಬೀಳುವ ಮುಹೂರ್ತದ ಹೊತ್ತಿಗೆ ಬರಲಿಲ್ಲ. ಬೀಗರಾದ ಮಲ್ಲನಗೌಡರು ತುಂಬಿದ ಚಪ್ಪರದಲ್ಲಿ, “ಏನ್ರಿ ಸಾವಕಾರ್ರ, ಅರಿವಿ ಅಳಿಯೋ ಗಜಾ ಬ್ಯಾರೆ, ಮಾತು ಅಳಿಯೋ ಗಜಾ ಬ್ಯಾರೆ ಏನು?” ಎಂದರು. ಗಜವೇ ಜೀವನವಾದ ಮನುಷ್ಯನಿಗೆ ಅಂಥ ಮಾತು. ಮುಂದೆ ಸೈಕಲ್ ಬಂದರೂ ಸಾವಕಾರರು ಕಳಿಸಲಿಲ್ಲ. ಕರೆಯುವವರು ಬಾಯಿಬಿಟ್ಟು ಕರೆಯುವ ತನಕ ಸೊಸೆಯನ್ನು ಕಳಿಸುವುದಿಲ್ಲವೆಂದು ಗೌಡರೂ ಕೂತರು. ಎರಡು ನಾಗರ ಪಂಚಮಿ ಹಾಗೇ ಹೋದವು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡದಿದ್ದರೆ ನಮ್ಮ ಕಡೆ ಓಣಿಗೆ ಓಣಿಯೇ ಕೇಳುತ್ತದೆ. ಗೋಣಿತಟ್ಟು ಸುತ್ತಿ ಇಟ್ಟಿದ್ದ ಸೈಕಲ್ಲನ್ನು ಸಾವಕಾರರು ಒಂದು ದಿನ ಬಿಚ್ಚಿ, ಆ ವಯಸ್ಸಿನಲ್ಲಿ, ಬಿದ್ದು ಎದ್ದು ತಾವೇ ಕಲಿತರು. ಊರು ಅದನ್ನು ಹಟ ಅಂದಿತು.

“ಹಟಾ ಹೌದು ಬಿಡ್ರಿ. ಆದ್ರ ಒಬ್ಬರ ಹೋದ್ರ ತಲಿ ಬಾಗಿಸಿದಂಗ ಆಗ್ತದ. ಐದು ಮಂದಿ ಕೂಡ ತಿರಗಾಕ ಹೋದ್ರ ಯಾರೇನಂತಾರ? ಅದಕ್ಕ ಮಂಡಳಿ ಬೇಕಾತು ಅವರಿಗಿ” ಎಂದರು ಖಾಜಾ ಮಿಯಾ. ಆ ಹುಡುಗಿಗೆ ಮೊದಲ ಲಂಗ-ಪರಕಾರದಿಂದ ಹಿಡಿದು ಮದುವೆಯ ಕುಪ್ಪಸದವರೆಗೆ ಹೊಲಿದು ಕೊಟ್ಟವರು ಅವರೇ. ನನ್ನ ಸಿಟ್ಟು ಇಳಿಯಿತು. ಅಂದಿನಿಂದ ದಂಡೆಯಲ್ಲಿ ಸಾವಕಾರರು ಕಾಲೂರಿ ನಿಂತಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಇವತ್ತಾದರೂ ದಾಟಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಶ್ರಾವಣ ಬಂತು. ಮಳೆ ಬಿಡುವು ಕೊಟ್ಟು ಹಾದಿ ಗಟ್ಟಿಯಾಗಿತ್ತು. ಪಂಚಮಿಯ ಹಿಂದಿನ ಶುಕ್ರವಾರ ಅದು. ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಮ್ಮ ದಂಡೆಗೆ ಹರಗೋಲು ಹಚ್ಚಿಕೊಂಡು ಅಂಬಿಗ ಬೀಡಿ ಸೇದುತ್ತ ಕೂತಿದ್ದ. ಸಾವಕಾರರು ಎಂದಿನಂತೆ ಕಾಲೂರಿ ನಿಂತರು. ಅವತ್ತು ಬಹಳ ಹೊತ್ತು ನಿಂತರು. ಕೊನೆಗೆ ಎಂದಿನಂತೆಯೇ “ಹೂಂ, ನಡೀರಿ” ಎಂದರು.

ಖಾಜಾ ಮಿಯಾ ಅಲುಗಾಡಲಿಲ್ಲ. ಸೈಕಲ್ಲನ್ನು ಗುಡಿಯ ಕಟ್ಟೆಗೆ ಆನಿಸಿ, “ಸಾವಕಾರ್ರ, ಇವತ್ತ ನಾ ದಣದೇನಿ. ನಿಮಗಿಂತ ಮೆಲ್ಲಗ ಆಗೇನಿ. ಕಾಯ್ದೆ ಪ್ರಕಾರ ಇನ್ನ ನಾ ಮುಂದ, ಹಾದಿ ನಾ ಹೇಳಾಂವ” ಎಂದು ನೆಟ್ಟಗೆ ಹೋಗಿ ಹರಗೋಲಿನಲ್ಲಿ ಕುಳಿತರು.

ಸಾವಕಾರರು ವಕೀಲರ ಮುಖ ನೋಡಿದರು. “ಕಾಯ್ದೆ ಅಂದ್ರ ಕಾಯ್ದೆ ನೋಡ್ರಿ” ಎಂದು ವಕೀಲರು ತಾವೂ ಹತ್ತಿದರು. ಸುಂಕದ ನಾಕಾ ಇದ್ದದ್ದರಿಂದ ಸೈಕಲ್ ದಾಟಿಸುವಂತಿರಲಿಲ್ಲ, ಎಲ್ಲವನ್ನೂ ಕಟ್ಟೆಗೇ ಬಿಟ್ಟೆವು. ಕಡೆಗೆ ಸಾವಕಾರರು ಬಂದರು. ಹರಗೋಲು ಒಂದು ಕಡೆ ವಾಲಿತು. ಆಚೆ ಮುಟ್ಟುವವರೆಗೆ ಅವರು ರುಮಾಲನ್ನು ಬಿಚ್ಚಿ ಸುತ್ತಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ನಾವು ಮಾಡಿದ ತಪ್ಪು ಗೌಡರ ಅಂಗಳ ಹೊಕ್ಕ ಮೇಲೆ ನಮಗೆ ತಿಳಿಯಿತು. ನಮ್ಮ ಸೀಮೆಯಲ್ಲಿ ಐದು ಗಂಡಸರು ಕೂಡಿ ಬೀಗರ ಮನೆಗೆ ನಡೆದು ಬಂದರೆ ಅವರು ಪಂಚರು. ಅಂಥ ಪಂಚರು ಬರುವುದು ಸಂಬಂಧ ಕೂಡಿಸಲು, ಇಲ್ಲವೇ ಕಡಿಯಲು. ಅದರಲ್ಲಿ ಒಬ್ಬರು ಕರಿ ಕೋಟಿನ ವಕೀಲರಾದರೆ ಯಾವುದಕ್ಕೆ ಬಂದರೆಂದು ಬೇರೆ ಹೇಳಬೇಕಿಲ್ಲ. ನಾವು ತಿರುಗಲು ಬಂದವರೆಂದು ಹೇಳುವ ಮೊದಲೇ ಜಮಖಾನೆ ಹಾಸಿದ್ದಾಯಿತು, ಊರ ಹಿರಿಯರಿಗೆ ಕರೆ ಹೋದದ್ದಾಯಿತು. ಅಂಗಳ ತುಂಬಿತು. ಅಳಿಯ ಕಂಬಕ್ಕೆ ಆತು ನಿಂತು ಉಗುರು ಕಚ್ಚುತ್ತಿದ್ದ. ಮಲ್ಲನಗೌಡರು ಎದುರಿಗೆ ಕುಳಿತು ಮೀಸೆಯ ಮೇಲೆ ಕೈಯಾಡಿಸಿದರು.

“ವಕೀಲರನ್ನೂ ಕರಕೊಂಡು ಬಂದೀರಿ. ಕಡಿಸಿಕೊಂಡು ಹೋಗಾಕ ಬಂದೀರೇನು?”

ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ರಾಮರಾಯರು ತುಟಿ ಬಿಗಿದುಕೊಂಡಿದ್ದರು, ಅವರು ಏನಂದರೂ ಅದು ದಾವೆಯಾಗುತ್ತಿತ್ತು. ಒಂದು ತಪ್ಪು ಮಾತಿಗೆ ಹುಡುಗಿಯ ಸಂಸಾರ ಹೋಗುವುದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

“ಇಲ್ರಿ ಗೌಡ್ರ, ನಾವು ಸೈಕಲ್ ಹೊಡ್ಯೋ ಮಂದಿ. ಸುಮ್ನ ತಿರಗಾಕ ಬಂದಿವ್ರಿ” ಎಂದರು ಖಾಜಾ ಮಿಯಾ.

“ಸೈಕಲ್ ಎಲ್ಲವ?”

“ಆಚಿ ದಂಡಿಗಿ ಅವರಿ.”

“ಹೌದು ಬಿಡ್ರಿ. ಈ ಮನಿ ಮಟ್ಟಿಗಿ ಸೈಕಲ್ ಯಾವಾಗೂ ಆಚಿ ದಂಡಿಗೇ ಇರ್ತದ.”

ಅಂಗಳ ನಕ್ಕಿತು. ಸಿದ್ರಾಮಪ್ಪ ಸಾವಕಾರರು ನೆಲಕ್ಕೆ ಕೈಯೂರಿ ಎದ್ದರು. ಮುಖ ಇಟ್ಟಂಗಿಯಂತೆ ಕೆಂಪಾಗಿತ್ತು. ಅವರು ಹೊಸ್ತಿಲು ದಾಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

“ಯಪ್ಪಾ, ಕೂಡು.”

ಒಳಬಾಗಿಲಲ್ಲಿ ಮಾದೇವಿ ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ಹಿರಿಯರು ಕೂತಲ್ಲಿ ಸೊಸೆ ಬಾಯಿ ತೆರೆಯುವುದು ಕಂಡ ಮಾತಲ್ಲ. ತಲೆಯ ಮೇಲಿನ ಸೆರಗು ಕಣ್ಣಿನ ತನಕ ಇತ್ತು, ಧ್ವನಿ ಮಾತ್ರ ನಡುಗಲಿಲ್ಲ.

“ಶುಕ್ರವಾರಕ್ಕೊಮ್ಮೆ ನೋಡೇನಿ. ನೀ ಆಚಿ ದಂಡಿಗಿ ಬರ್ತಿ, ಒಂದು ಕಾಲು ನೆಲಕ್ಕ ಇಡ್ತಿ, ಹೊಳ್ಳಿ ಹೋಗ್ತಿ. ನಾ ಮೆಟ್ಟಲದಾಗ ಅರಿವಿ ಬಿಟ್ಟು ಕೈ ಮಾಡ್ತಿದ್ದೆ. ನಿನಗ ಕಾಣ್ತಿರಲಿಲ್ಲೇನು ಯಪ್ಪಾ?”

ಸಾವಕಾರರಿಗೆ ಕಾಣುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಮಾವಾರೂ ನೋಡ್ಯಾರ” ಎಂದಳು ಮಾದೇವಿ. “ಶುಕ್ರವಾರ ಹರಗೋಲು ಆ ದಂಡಿಗಿ ಹಚ್ಚು ಅಂತ ಅಂಬಿಗಗ ಹೇಳಿಟ್ಟಾರ.”

ಇಷ್ಟು ಹೇಳಿ ತಂಬಿಗೆಯನ್ನು ಜಮಖಾನೆಯ ಅಂಚಿಗಿಟ್ಟು ಒಳಗೆ ಹೋದಳು. ಇಬ್ಬರು ಬೀಗರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಆ ತಂಬಿಗೆಯನ್ನೇ ನೋಡುತ್ತ ಉಳಿದರು. ಕೊನೆಗೆ ಗೌಡರೇ ಮಾತು ತೆಗೆದರು.

“ತಿರಗಾಕ ಬಂದವರ ಕೂಡ ಕಳಸಾಕ ಬರಂಗಿಲ್ರಿ. ಕರಿಯಾಕ ಬಂದೀನಿ ಅಂದ್ರ ಕಳಸ್ತೇನಿ.”

ಒಂದು ಮಾತು, ಅಷ್ಟೇ. ಅದಕ್ಕಾಗಿ ಎರಡು ವರ್ಷ ಕಳೆದಿದ್ದವು. ಸಾವಕಾರರು ನಿಂತಲ್ಲಿಯೇ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅಂದೇ ಮೊದಲು. ಗೌಡರ ಕಡೆ ನೋಡದೆ, ಒಳಬಾಗಿಲಿಗೆ ಮುಖ ಮಾಡಿ, “ಬಾರವ್ವ ಮಾದೇವಿ, ಕರಿಯಾಕ ಬಂದೀನಿ. ನಿಮ್ಮವ್ವ ಜೋಕಾಲಿ ಕಟ್ಟಿಸಿ ದಾರಿ ಕಾಯಾಕತ್ಯಾಳ” ಎಂದರು.

ಗೌಡರು ಎದ್ದು ಅವರ ಕೈ ಹಿಡಿದು ಕೂಡಿಸಿದರು. “ಸೈಕಲ್ ನಮಗ ಬ್ಯಾಡರಿ ಬೀಗರ, ನೀವ ಹೊಡೀರಿ. ದಂಡಿ ಮಟಾ ಬಂದು ಹೊಳ್ಳಬ್ಯಾಡ್ರಿ ಅಷ್ಟ” ಎಂದರು. ಆಮೇಲೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಬಂದವು. ಬ್ರಾಹ್ಮಣರಾದ ರಾಮರಾಯರು ಬಾಳೆಹಣ್ಣು ತಿಂದರು. ಖಾಜಾ ಮಿಯಾರಿಗೆ ಎಲೆ ಸ್ವಲ್ಪ ದೂರ ಹಾಕಿದ್ದರು. ಆ ಕಾಲ ಹಾಗಿತ್ತು. ಅವರು ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು.

“ಮಾಸ್ತರ್, ಲಗೂ ಏಳ್ರಿ. ಜೋಕಾಲಿ ಎಲ್ಲಿ ಅದ?”

ನನಗೆ ಆಗ ಹೊಳೆಯಿತು. ಅಂದು ಬೆಳಿಗ್ಗೆ ನಾನು ಸಾವಕಾರರ ಮನೆಯ ಮುಂದಿನಿಂದಲೇ ಬಂದಿದ್ದೆ. ಅಂಗಳದ ಬೇವಿನ ಟೊಂಗೆಗೆ ಜೋಕಾಲಿ ಇರಲಿಲ್ಲ. ಮಗಳು ಬಾರದ ಮೇಲೆ ಅವರ ಹೆಂಡತಿ ಗಂಗಾಬಾಯಿ ಆ ಮರಕ್ಕೆ ಹಗ್ಗ ಮುಟ್ಟಿಸಗೊಟ್ಟಿರಲಿಲ್ಲ.

ಮಗಳು ಗಂಟು ಕಟ್ಟಿಕೊಂಡು ಹೊರಡುವುದಕ್ಕೆ ಮೊದಲೇ ನಾವಿಬ್ಬರು ಹೊಳೆ ದಾಟಿದೆವು. ಅವಳಿಗಾಗಿ ಘತ್ತರಗಿಯಲ್ಲಿ ಎತ್ತಿನ ಬಂಡಿ ಹೂಡಿಸುವುದೆಂದೂ, ಉಳಿದವರು ಅದರ ಹಿಂದೆ ಬರುವುದೆಂದೂ ಮಾತಾಗಿತ್ತು. ಮೆಲ್ಲಗಾಗಿದ್ದೇನೆ ಎಂದಿದ್ದ ಖಾಜಾ ಮಿಯಾ ಲುಂಗಿ ಮೇಲೆ ಕಟ್ಟಿ ತುಳಿದ ರಭಸಕ್ಕೆ ನಾನು ಹಿಂದೆ ಬಿದ್ದೆ. ಆ ಹಾದಿಯನ್ನು ಅಷ್ಟು ಜೋರಾಗಿ ನಾನು ಮತ್ತೆಂದೂ ತುಳಿಯಲಿಲ್ಲ. ವರ್ಷ ತುಂಬುವುದರೊಳಗೆ ಯುದ್ಧದಿಂದ ಟೈರು ಸಿಗದಂತಾಗಿ ಮಂಡಳಿ ನಿಂತುಹೋಯಿತು, ನನಗೆ ಜೇವರ್ಗಿಗೆ ವರ್ಗವಾಯಿತು.

ನಡುವೆ ನನ್ನ ಟ್ಯೂಬಿಗೆ ಎರಡು ಸಲ ತೇಪೆ ಹಾಕಿ ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಸಾವಕಾರರ ಅಂಗಳದ ಬಾವಿಯ ಮಿಣಿಹಗ್ಗವನ್ನೇ ಬಿಚ್ಚಿಕೊಂಡೆವು. ಖಾಜಾ ಮಿಯಾ ಕೆಳಗಿನಿಂದ ಎಸೆದರು, ಮರ ಹತ್ತಿದವನು ನಾನು. ಟೊಂಗೆಗೆ ಗಂಟು ಬಿಗಿಯುತ್ತಿರುವಾಗ ಗಂಗಾಬಾಯಿ ಕೈಗೆ ಹಿಟ್ಟು ಮೆತ್ತಿಕೊಂಡೇ ಒಳಗಿನಿಂದ ಬಂದರು.

“ಯಾರನ್ನ ಕೇಳಿ ಕಟ್ಟಾಕತ್ತೀರಿ? ಬಿಚ್ಚರಿ ಅದನ್ನ. ಈ ಮನ್ಯಾಗ ಜೋಕಾಲಿ ಆಡೋರು ಯಾರದಾರ? ಬಿಚ್ಚರಿ ಅಂತೇನಿ!”

ಖಾಜಾ ಮಿಯಾ ಮರದ ಬುಡಕ್ಕೆ ಕುಸಿದು ಕುಳಿತಿದ್ದರು, ಹೇಳಲು ಉಸಿರಿರಲಿಲ್ಲ. ನನಗೆ ಮೇಲಿನಿಂದ ಗೋಡೆಯಾಚೆಯ ಓಣಿ ಕಾಣುತ್ತಿತ್ತು. ತಿರುವಿನಲ್ಲಿ ಬಂಡಿ, ಅದರ ಹಿಂದೆ ಸೈಕಲ್ ನೂಕಿಕೊಂಡು ಬರುತ್ತಿದ್ದ ಬೋಳುತಲೆಯ ಸಾವಕಾರರು.

“ಅವ್ವಾರ, ಬಾಗಲಾ ತಗೀರಿ” ಎಂದೆ.

ಅವರು ನನ್ನ ಮುಖ ನೋಡಿದರು, ಹಗ್ಗ ನೋಡಿದರು. ಆಮೇಲೆ ‘ಬಿಚ್ಚರಿ, ಬಿಚ್ಚರಿ’ ಎನ್ನುತ್ತಲೇ ಬಾಗಿಲ ಕಡೆಗೆ ಓಡಿದರು.